ಎಡಕ್ಕೆ ಬಿದ್ದರೂ ಕರ್ಮ, ಬಲಕ್ಕೆ ಬಿದ್ದರೂ ಕರ್ಮ

ಊರಿನವರ ಹಿಂದಿನ ಜನ್ಮಗಳೆಲ್ಲ ನಮ್ಮ ದೊಡ್ಡಪ್ಪನಿಗೆ ಬಾಯಿಪಾಠವಾಗಿದ್ದವು. ಯಾರ ಮನೆಯ ಕರು ಸತ್ತರೂ, ಯಾರ ಮಗಳಿಗೆ ಗಂಡು ಕೂಡಿಬರದಿದ್ದರೂ, ಯಾರ ಮಗ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದರೂ ಅವರು ಜಗಲಿಯ ಮೇಲೆ ಕೂತು, ಎಲೆಯಡಿಕೆಯ ಕವಳದ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಆ ಮನುಷ್ಯ ಹಿಂದಿನ ಜನ್ಮದಲ್ಲಿ ಎಲ್ಲಿ ಹುಟ್ಟಿದ್ದ, ಎಂಥ ಪಾಪ ಮಾಡಿದ್ದ ಎಂಬುದನ್ನು ಪಕ್ಕದಲ್ಲೇ ನಿಂತು ನೋಡಿದವರ ಹಾಗೆ ಹೇಳುತ್ತಿದ್ದರು. ಕರು ಸತ್ತವನು ಹಿಂದೆ ಗೋವಿನ ಹುಲ್ಲು ಕದ್ದಿದ್ದನಂತೆ. ಪರೀಕ್ಷೆಯಲ್ಲಿ ಬಿದ್ದವನು ಗುರುನಿಂದೆ ಮಾಡಿದ್ದನಂತೆ. ಕೇಳುವವರು ಹೌದೌದೆಂದು ತಲೆಯಾಡಿಸಿ, ತಮ್ಮ ಪಾಪದ ಲೆಕ್ಕ ಇಷ್ಟು ಸಲೀಸಾಗಿ ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿ ಮನೆಗೆ ಹೋಗುತ್ತಿದ್ದರು.

ತಮ್ಮದೇ ಎತ್ತಿಗೆ ಕಾಲುಬಾಯಿ ಜ್ವರ ಬಂದಾಗ ಮಾತ್ರ ಅದು ಕರ್ಮವಾಗಲಿಲ್ಲ, ಕುಮಟೆಯ ದನದ ಡಾಕ್ಟರನ ಸೋಮಾರಿತನವಾಯಿತು. ಪಂಚಾಯಿತಿ ಚುನಾವಣೆಯಲ್ಲಿ ಸೋತಾಗ ಅದು ಊರಿನವರ ಹೊಟ್ಟೆಕಿಚ್ಚಾಯಿತು. ದೊಡ್ಡಪ್ಪನಿಗೆ ಹಿಂದಿನ ಜನ್ಮವೇ ಇರಲಿಲ್ಲವೋ, ಇದ್ದರೂ ಅದರಲ್ಲಿ ಅವರು ಬರೀ ಪುಣ್ಯವನ್ನೇ ಮಾಡಿದ್ದರೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಇದು ಮುಂಬೈ ರಾಜ್ಯ ಹೋಗಿ ಮೈಸೂರು ರಾಜ್ಯ ಬಂದ ಹೊಸತು. ನಮ್ಮ ಮನೆ ಹಿರೇಗುತ್ತಿಯ ಕಡೆ. ದೊಡ್ಡಪ್ಪ ತಾಳಮದ್ದಳೆಯ ದೊಡ್ಡ ಅರ್ಥಧಾರಿ. ವೇಷ ಕಟ್ಟದೆ, ಕುಣಿಯದೆ, ಕೂತಲ್ಲೇ ಭಾಗವತರ ಪದಕ್ಕೆ ಮಾತು ಕಟ್ಟುವ ಕೆಲಸ ಅದು. ಕುಮಟೆಯಿಂದ ಹೊನ್ನಾವರದವರೆಗೆ ಅವರಿಗೆ ಕರೆ ಬರುತ್ತಿತ್ತು. ಎದುರಿಗೆ ಕೂತವನು ಸೋತು ನೀರು ಕೇಳುವವರೆಗೂ ಬಿಡುತ್ತಿರಲಿಲ್ಲ. ಅಂಥ ನಾಲಿಗೆಗೆ ಬರೀ ಪ್ರಸಂಗ ಸಾಕಾಗುತ್ತದೆಯೆ? ಉಳಿದ ಮಾತೆಲ್ಲ ಊರಿನವರ ಮೇಲೆ ಖರ್ಚಾಗುತ್ತಿತ್ತು. ನಮ್ಮಪ್ಪ ಅವರ ತಮ್ಮ. ಅಣ್ಣನ ಎದುರು ಬಾಯಿ ತೆರೆದದ್ದೆಂದರೆ ಆಕಳಿಸಲಿಕ್ಕೆ ಮಾತ್ರ. ನಾನು ಮುಲ್ಕಿ ಪಾಸಾಗಿ, ಮುಂದೆ ಓದಿಸುವವರಿಲ್ಲದೆ, ಮದುವೆಯಾಗುವವರೆಗೆ ಮನೆಯಲ್ಲಿದ್ದೆ. ನನಗೆ ಮಾಡಲು ಕೆಲಸವೂ ಇತ್ತು, ಎಲ್ಲವನ್ನೂ ನೋಡಿ ಒಳಗೊಳಗೇ ಉರಿಯಲು ಪುರಸೊತ್ತೂ ಇತ್ತು.

ಈ ಅಣ್ಣತಮ್ಮಂದಿರಿಗೆ ಒಬ್ಬಳೇ ತಂಗಿ, ನನ್ನ ಅತ್ತೆ. ಅವಳನ್ನು ಭಟ್ಕಳಕ್ಕೆ ಕೊಟ್ಟಿದ್ದರು. ಮಕ್ಕಳಾಗುವ ಮೊದಲೇ ಗಂಡ ಜ್ವರದಲ್ಲಿ ಹೋದ. ಆಮೇಲೆ ಅಂಗಡಿ ಇಟ್ಟಿದ್ದ ಮೈದುನನ ಮನೆಯಲ್ಲಿ ಅವಳಿಗೆ ಅತ್ತಿಗೆ ಎಂಬ ಹೆಸರು, ಅಡಿಗೆಯವಳ ಕೆಲಸ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಒಲೆ ಹಚ್ಚಬೇಕು, ಎಲ್ಲರಿಗಿಂತ ಕೊನೆಗೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಣ್ಣಬೇಕು. ಕೆಲವು ವರ್ಷ ಹಾಗೆ ಕಳೆದು ಒಂದು ದಿನ ತನ್ನ ಟ್ರಂಕು ಎತ್ತಿಕೊಂಡು, ಹೊನ್ನಾವರದಲ್ಲಿ ಶರಾವತಿ ದಾಟಿ, ಬಸ್ಸು ಹತ್ತಿ ತವರಿಗೆ ಬಂದಳು. ಆಗ ಅಜ್ಜ ಬದುಕಿದ್ದ. ಗಜನಿ ಬಯಲಿನ ಅಂಚಿನಲ್ಲಿ ಒಂದು ತಗ್ಗು ಗದ್ದೆ, ಅದರ ಮೇಲ್ಗಡೆ ಎರಡು ಕೋಣೆಯ ಹೆಂಚಿನ ಮನೆ, ಬಾವಿ, ಇಷ್ಟನ್ನು ಅವಳಿಗೆ ಬಿಟ್ಟುಕೊಟ್ಟ. ಭಟ್ಕಳದಿಂದ ಅವಳು ತಂದದ್ದು ಆ ಟ್ರಂಕು ಮತ್ತು ಅಲ್ಲಿನ ಮುಸಲ್ಮಾನರಾಡುವ ಒಂದಷ್ಟು ನವಾಯತಿ ಮಾತು. ಸಿಟ್ಟು ಬಂದಾಗ ಕೋಳಿಗಳನ್ನು ಆ ಭಾಷೆಯಲ್ಲಿ ಬಯ್ಯುತ್ತಿದ್ದಳು. ನಮಗೆ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಕೋಳಿಗಳಿಗೆ ಆಗುತ್ತಿತ್ತು.

ತನಗೆ ಹಸಿವಾದಾಗ ಒಲೆ ಹಚ್ಚಿ, ತನಗೆ ಬೇಕಾದ್ದನ್ನು ಬೇಯಿಸಿ, ಬಿಸಿಯಾಗಿ ಉಣ್ಣುವುದು ಎಷ್ಟು ದೊಡ್ಡ ಸುಖ ಎಂದು ನಾನು ಅವಳ ಮುಖ ನೋಡಿ ತಿಳಿದೆ. ಆ ಗದ್ದೆಯ ಭತ್ತ ಮತ್ತು ಆ ಬಾವಿಯ ನೀರು ಇರುವವರೆಗೆ ಅವಳಿಗೆ ಆ ಒಲೆ. ಅದು ಹೋದರೆ ಮತ್ತೆ ಭಟ್ಕಳ. ಮೈದುನ ಯಾರ ಹತ್ತಿರವಾದರೂ ಹೇಳಿಕಳಿಸುತ್ತಲೇ ಇದ್ದ, ಅತ್ತಿಗೆಯ ಕೈ ಅಡಿಗೆ ಇಲ್ಲದೆ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲ ಎಂದು.

ಗಜನಿ ಎಂದರೆ ಹೊಳೆಗೆ ಸಮುದ್ರದ ನೀರು ಏರಿ ಬರುವ ಕಡೆಯ ತಗ್ಗು ಬಯಲು. ಸುತ್ತ ಮಣ್ಣಿನ ಕಟ್ಟು, ಕಟ್ಟಿನ ನಡುವೆ ಮರದ ಹಲಗೆಗಳ ಬಾಗಿಲು. ಭತ್ತ ಬೆಳೆಯುವ ಕಾಲದಲ್ಲಿ ಭರತ ಏರುವ ಮೊದಲೇ ಹಲಗೆ ಹಾಕಿ ಉಪ್ಪುನೀರನ್ನು ಹೊರಗೆ ತಡೆಯಬೇಕು, ಇಳಿತಕ್ಕೆ ಹಲಗೆ ಎತ್ತಿ ಒಳಗಿನ ಮಳೆನೀರನ್ನು ಬಿಡಬೇಕು. ಕೊಯ್ಲು ಮುಗಿದ ಮೇಲೆ ಕಥೆ ತಿರುಗಾ ಮುರುಗಾ. ಭರತದ ನೀರನ್ನು ಬೇಕೆಂದೇ ಒಳಗೆ ಬಿಟ್ಟು, ಇಳಿತಕ್ಕೆ ಬಾಗಿಲಿಗೆ ಬಲೆ ಕಟ್ಟಿದರೆ ಬುಟ್ಟಿಗಟ್ಟಲೆ ಶೆಟ್ಲಿ ಸಿಗುತ್ತದೆ. ಪೇಟೆಯವರು ಅದನ್ನು ಸಿಗಡಿ ಎನ್ನುತ್ತಾರೆ. ಹಲಗೆ ನೋಡುವ ಕೆಲಸ ಮನೆಮನೆಗೆ ಪಾಳಿಯ ಮೇಲೆ ಬರುತ್ತಿತ್ತು. ಪಾಳಿಯವನ ಹೊರತು ಬೇರೆ ಯಾರೂ ಹಲಗೆ ಮುಟ್ಟುವ ಹಾಗಿಲ್ಲ. ಹೆಂಗಸರಂತೂ ಯಾರ ಪಾಳಿಯಲ್ಲೂ ಮುಟ್ಟಬಾರದು, ಕಟ್ಟಿನ ದೇವರಿಗೆ ಅದು ಆಗುವುದಿಲ್ಲವಂತೆ. ಕಟ್ಟು ಒಡೆದಾಗ ಮಣ್ಣು ಹೊರಲು ಮಾತ್ರ ಹೆಂಗಸರು ದೇವರಿಗೆ ಆಗುತ್ತಿದ್ದರು.

ಆ ವರ್ಷ ಭಾದ್ರಪದದಲ್ಲಿ ಪಾಳಿ ದೊಡ್ಡಪ್ಪನದು. ಶ್ರಾವಣವಿಡೀ ಮೀನು ಮುಟ್ಟದೆ, ಚೌತಿ ಮುಗಿದ ಮೇಲೂ ಒಳ್ಳೆಯ ಮೀನು ಸಿಗದೆ ಅವರ ಬಾಯಿ ಕೆಟ್ಟಿತ್ತು. ಭತ್ತ ಆಗ ತಾನೇ ತೆನೆ ಹೊರಹಾಕುತ್ತಿತ್ತು, ಹಲಗೆ ಬಿಗಿಯಾಗಿ ಹಾಕಿರಬೇಕಾದ ಕಾಲ. ಆದರೆ ಹುಣ್ಣಿಮೆಯ ಭರತ ಜೋರಿತ್ತು, ಶೆಟ್ಲಿಯೂ ಇತ್ತು. ಒಂದು ಭರತಕ್ಕೆ ಹಲಗೆ ಚೂರು ಎತ್ತಿದರೆ ಗಜನಿ ಮುಳುಗುತ್ತದೆಯೆ ಎಂದುಕೊಂಡು ಬೆಳಿಗ್ಗೆ ಹಲಗೆ ಎತ್ತಿ, ಬಲೆ ಕಟ್ಟಿ, ಮಧ್ಯಾಹ್ನದ ತಾಳಮದ್ದಳೆಗೆ ಕುಮಟೆಯ ಹತ್ತಿರದ ಬಾಡಕ್ಕೆ ಹೋದರು. ಸಂಜೆಗೆ ಬರುವವರಿದ್ದರು. ಅಲ್ಲಿ ಎದುರಿನ ಅರ್ಥಧಾರಿ ಸೋಲಲೊಲ್ಲದವನು ಸಿಕ್ಕಿಬಿಟ್ಟ. ಆ ದಿನದ ವಾದದ ವಿಷಯ ಕರ್ಮವೇ ಅಂತೆ. ಮಾಡಿದ್ದನ್ನು ಉಣ್ಣದೆ ಯಾವ ಜೀವಕ್ಕೂ ಬಿಡುಗಡೆಯಿಲ್ಲ ಎಂದು ದೊಡ್ಡಪ್ಪ ಸಾಧಿಸಿ ಗೆದ್ದು, ಅಲ್ಲೇ ಉಳಿದು, ಮಾರನೆಯ ದಿನ ಮಧ್ಯಾಹ್ನ ಶಾಲು ಹೊದ್ದು ಬಂದರು.

ಈ ನಡುವೆ ಉಪ್ಪುನೀರು ತನ್ನ ಪಾಡಿಗೆ ತಾನು ಕೆಲಸ ಮಾಡಿತ್ತು. ಮೇಲಿನ ಗದ್ದೆಗಳಿಗೆ ಅಂಚು ನೆನೆದದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಎಲ್ಲಕ್ಕಿಂತ ತಗ್ಗಿನದು ಅತ್ತೆಯ ಗದ್ದೆ. ಅವಳು ಕಟ್ಟಿನ ಮೇಲೆ ನಿಂತು, ನೀರು ಬದು ದಾಟಿ ತೆನೆಯ ಕುತ್ತಿಗೆಗೆ ಬರುವುದನ್ನು ನೋಡಿದಳು. ದೊಡ್ಡಪ್ಪನ ಮನೆಗೆ ಓಡಿಹೋಗಿ ದೊಡ್ಡಮ್ಮನಿಗೆ ಹೇಳಿದಳು. ಅವರ ಪಾಳಿ, ಅವರೇ ಬರಬೇಕು ಎಂದಳು ದೊಡ್ಡಮ್ಮ. ನಮ್ಮಪ್ಪನಿಗೆ ಹೇಳಿದಳು. ಅಪ್ಪ ಕಟ್ಟಿನವರೆಗೆ ಬಂದು, ಹಲಗೆಯನ್ನು ನೋಡಿ, ಅಣ್ಣನ ಪಾಳಿಯಲ್ಲಿ ತಾನು ಹೇಗೆ ಮುಟ್ಟುವುದು ಎಂದು ತಲೆ ಕೆರೆದುಕೊಂಡು ವಾಪಸು ಬಂದ. ಅತ್ತೆ ಮತ್ತೆ ಒಬ್ಬಳೇ ಹೋಗಿ ಹಲಗೆಯ ಹತ್ತಿರ ಬಹಳ ಹೊತ್ತು ಕೂತಿದ್ದಳು. ಒಂದು ಗುದ್ದು ಗುದ್ದಿದ್ದರೆ ಹಲಗೆ ಕೆಳಗೆ ಕೂರುತ್ತಿತ್ತು. ಅವಳು ಮುಟ್ಟಲಿಲ್ಲ. ಹುಟ್ಟಿದಂದಿನಿಂದ ಮುಟ್ಟಬೇಡ ಎಂದು ಕೇಳಿ ಬೆಳೆದ ಕೈ ಅದು. ಎರಡನೆಯ ಭರತಕ್ಕೆ ನೀರು ಬಾವಿಯ ಗಿಡ್ಡ ಕಟ್ಟೆಯನ್ನೂ ಹತ್ತಿ ಒಳಗಿಳಿಯಿತು.

ಬಾಡದಿಂದ ಬಂದ ದೊಡ್ಡಪ್ಪ ಬಲೆ ಎತ್ತಿದಾಗ ಅದು ಹರಿಯುವಷ್ಟು ಭಾರವಾಗಿತ್ತು. ಅಷ್ಟು ಶೆಟ್ಲಿ ಒಂದು ಮನೆಯಲ್ಲಿ ತಿಂದು ಮುಗಿಯುವುದಿಲ್ಲ. ಉದಾರಿಗಳಾದ ಅವರು ಕೇರಿಯ ಮನೆಮನೆಗೂ ಹಂಚಿಸಿದರು, ನಮ್ಮ ಮನೆಗೂ ಬಂತು. ಆ ಸಂಜೆ ಕೇರಿಯಲ್ಲೆಲ್ಲ ಶೆಟ್ಲಿ ಹುರಿಯುವ ವಾಸನೆ. ಹಲಗೆ ಎತ್ತದೆ ಗಜನಿಯೊಳಗೆ ಶೆಟ್ಲಿ ಬರುವುದಿಲ್ಲವೆಂದು ತಿಂದವರಿಗೆಲ್ಲ ಗೊತ್ತಿತ್ತು. ತಿಂದ ಬಾಯಿ ಮಾತಾಡುವುದಿಲ್ಲ, ಯಾರೂ ಮಾತಾಡಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ನಮ್ಮ ಕೇರಿಯಲ್ಲಿ ಒಬ್ಬರು ಮಾಡಿದ್ದನ್ನು ಎಲ್ಲರೂ ಚಪ್ಪರಿಸಿ ಉಂಡರು. ಅತ್ತೆಯ ಮನೆಗೂ ಒಂದು ಬಟ್ಟಲು ಹೋಗಿತ್ತು. ಅವಳು ಅದನ್ನು ಕೋಳಿಗಳಿಗೆ ಹಾಕಿದಳು, ಆ ದಿನ ಬಯ್ಯಲಿಲ್ಲ.

ಕೆಲವು ದಿನಗಳಲ್ಲಿ ಅವಳ ಗದ್ದೆ ಕೆಂಪಾಯಿತು, ತೆನೆ ಜೊಳ್ಳಾಯಿತು. ಬಾವಿಯ ನೀರನ್ನು ಬಾಯಿಗಿಡಲಾಗಲಿಲ್ಲ. ದೊಡ್ಡಪ್ಪ ನೋಡಲು ಬಂದರು. ಬದುವಿನ ಮೇಲೆ ನಿಂತು, ಗದ್ದೆಯನ್ನು ನೋಡಿ, ನಿಟ್ಟುಸಿರು ಬಿಟ್ಟು, ಪ್ರಸಂಗದಲ್ಲಿ ಮುನಿಗಳ ಪಾತ್ರಕ್ಕೆ ಇಟ್ಟುಕೊಂಡಿದ್ದ ದನಿಯಲ್ಲಿ ಹೇಳಿದರು.

"ಎಂತ ಮಾಡುಕಾಗ್ತದೆ ತಂಗಿ? ಹಿಂದಿನ ಜನ್ಮದಲ್ಲಿ ಬಾಯಾರಿ ಬಂದವ್ರಿಗೆ ನೀನು ನೀರು ಕೊಟ್ಟಿರ್ಲಿಕ್ಕಿಲ್ಲ. ಅನುಭವಿಸ್ಬೇಕು."

ನಾನು ಅಲ್ಲೇ ಇದ್ದೆ. ಕೈಯಲ್ಲಿದ್ದ ಹುಲ್ಲು ಕೊಯ್ಯುವ ಕತ್ತಿಯನ್ನು ನೆಲಕ್ಕೆ ಹಾಕಿದ್ದು ನೆನಪಿದೆ, ಕೈಯಲ್ಲಿಟ್ಟುಕೊಳ್ಳುವ ಧೈರ್ಯವಾಗಲಿಲ್ಲ.

ದೊಡ್ಡಪ್ಪ ಅಷ್ಟಕ್ಕೇ ಬಿಡಲಿಲ್ಲ. ದೇವರ ಬಾಯಿಂದಲೂ ಹೇಳಿಸಿಬಿಡೋಣ ಎಂದರು. ನಮ್ಮ ಕಡೆ ದೇವರಲ್ಲಿ ಪ್ರಸಾದ ಕೇಳುವ ಪದ್ಧತಿ ಇದೆ. ಭಟ್ಟರು ಅಡಿಕೆಯ ಹಿಂಗಾರದ ಎಸಳುಗಳನ್ನು ನೀರಿನಲ್ಲಿ ಅದ್ದಿ ದೇವರ ಮೈಗೆ ಅಂಟಿಸುತ್ತಾರೆ. ಕೇಳುವವರು ಪ್ರಶ್ನೆ ಇಡುತ್ತಾರೆ. ಬಲಗಡೆಯ ಎಸಳು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಊರಿನ ಪರವಾಗಿ ಪ್ರಶ್ನೆ ಇಡುವವರು ಯಾವಾಗಲೂ ದೊಡ್ಡಪ್ಪನೇ, ಅಷ್ಟು ಚಂದ ಮಾತು ಕಟ್ಟುವವರು ಬೇರೆ ಯಾರಿದ್ದಾರೆ? ಆ ದಿನ ಊರ ದೇವಿಯ ಎದುರು ಕೈಮುಗಿದು ಅವರು ಇಟ್ಟ ಪ್ರಶ್ನೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

"ತಾಯೀ, ಇದು ಇವಳು ಈ ಜನ್ಮದಲ್ಲಿ ಮಾಡಿದ ಕರ್ಮ ಆದ್ರೆ ಬಲಕ್ಕೆ ಕೊಡು. ಹಿಂದಿನ ಜನ್ಮದ್ದಾದ್ರೆ ಎಡಕ್ಕೆ ಕೊಡು."

ಎಸಳು ಎಡಕ್ಕೆ ಬಿತ್ತು. ಬಲಕ್ಕೆ ಬಿದ್ದಿದ್ದರೂ ಅತ್ತೆಗೆ ತಪ್ಪುತ್ತಿರಲಿಲ್ಲ. ದೇವಿ ಪಾಪ ಎಷ್ಟೆಂದು ತಾನೇ ತಪ್ಪಿಸಿಕೊಳ್ಳಬೇಕು? ಬೀಳದೆ ಇರುವುದೊಂದೇ ದಾರಿ, ಆದರೆ ಒದ್ದೆಯಾರಿದ ಎಸಳು ಬೀಳಲೇಬೇಕು. ಊರಿನವರು ನಿಟ್ಟುಸಿರು ಬಿಟ್ಟರು, ಅದರಲ್ಲಿ ತಿಂದ ಶೆಟ್ಲಿ ಅರಗಿದ ಸಮಾಧಾನವೂ ಇತ್ತು. ದೀಪಾವಳಿ ಮುಗಿದ ಮೇಲೆ ಮೈದುನ ಬಂದು ಅತ್ತೆಯನ್ನು ಭಟ್ಕಳಕ್ಕೆ ಕರೆದುಕೊಂಡು ಹೋಗುವುದು ಎಂದು ದೇವಸ್ಥಾನದ ಅಂಗಳದಲ್ಲೇ ತೀರ್ಮಾನವಾಯಿತು. ಕರ್ಮ ಕಳೆಯಲಿಕ್ಕೆ ಸೇವೆಗಿಂತ ಒಳ್ಳೆಯ ದಾರಿ ಇಲ್ಲವೆಂದು ದೊಡ್ಡಪ್ಪ ಅರ್ಥ ಹೇಳಿದರು.

ಅತ್ತೆ ಮನೆಗೆ ಬಂದು ಟ್ರಂಕು ತೆಗೆದಳು. ಸೀರೆ ಮಡಿಸಿ ಇಡುತ್ತಾಳೆಂದುಕೊಂಡೆ. ಅವಳು ಅದರಿಂದ ತನ್ನ ಊಟದ ಹಿತ್ತಾಳೆ ತಾಟು ಹೊರತೆಗೆದು ಹುಣಸೆಹಣ್ಣು ಹಾಕಿ ತಿಕ್ಕಿದಳು. ಮಾರನೆಯ ದಿನ ಬೆಳಿಗ್ಗೆ ಕೊಡ ಹಿಡಿದು ದೊಡ್ಡಪ್ಪನ ಬಾವಿಗೆ ಹೋಗಿ ನೀರು ಸೇದಿದಳು. ಮಧ್ಯಾಹ್ನ ತಾಟು ಹಿಡಿದುಕೊಂಡು ಅವರ ಊಟದ ಮನೆಗೆ ಹೋಗಿ, ದೊಡ್ಡಪ್ಪನ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಳು. ಏನು ನಡೆಯುತ್ತದೆ ನೋಡಲೆಂದು ನಾನು ಹಿಂದೆಯೇ ಹೋಗಿದ್ದೆ. ದೊಡ್ಡಮ್ಮ ಸಟ್ಟುಗ ಹಿಡಿದು ನಿಂತೇ ಇದ್ದಳು. ಇದೆಂತ ಹೊಸತು ಎಂದು ದೊಡ್ಡಪ್ಪ ಕೇಳಿದರು.

"ನನ್ನ ಭತ್ತ ಸತ್ತದ್ದು ನನ್ನ ಕರ್ಮ ಅಂದೆ, ನಾ ಒಪ್ಕಂಡೆ. ನಾ ಇಲ್ಲಿ ಉಣ್ಣುದು ನಿನ್ನ ಕರ್ಮ, ಅಣ್ಣಾ. ಯಾವ ಜನ್ಮದ್ದು ಅಂತ ನಂಗೆಂತ ಗೊತ್ತು? ಬೇಕಾರೆ ಪ್ರಸಾದ ಕೇಳು."

ಹೊನ್ನಾವರದವರೆಗೂ ಸೋಲದ ಅರ್ಥಧಾರಿ ಊಟದ ಮನೆಯಲ್ಲಿ ನೀರು ಕೇಳಿದರು. ದೊಡ್ಡಮ್ಮ ಬಡಿಸಿದಳು. ಅತ್ತೆ ಉಂಡಳು, ಮಜ್ಜಿಗೆ ಬೇಕೆಂದು ಕೇಳಿ ಹಾಕಿಸಿಕೊಂಡಳು. ರಾತ್ರಿಗೂ ಬಂದಳು. ಅದರ ಮರುದಿನವೂ ಬಂದಳು. ಮನೆಗೆ ನೆಂಟರು ಬಂದ ದಿನ ಅವರೆದುರಿಗೇ ಕೂತು, ಅಣ್ಣನ ಕರ್ಮ ತೀರಿಸಲು ಬರುತ್ತಿದ್ದೇನೆ ಎಂದು ಸಾವಧಾನವಾಗಿ ವಿವರಿಸಿದಳು. ಮಾತಿನ ಕಲೆ ಆ ಮನೆತನದಲ್ಲಿ ಗಂಡಸರಿಗೆ ಮಾತ್ರ ಇಳಿದದ್ದಲ್ಲ ಎಂದು ಎಲ್ಲರಿಗೂ ಆಗ ಗೊತ್ತಾಯಿತು.

ಇದು ಅಂಟುರೋಗದ ಹಾಗೆ ಹಬ್ಬಿತು. ಹಿಂದಿನ ಜನ್ಮದ ಹುಲ್ಲುಕಳ್ಳ ಎನಿಸಿಕೊಂಡಿದ್ದ ನೆರೆಮನೆಯವನು ಒಂದು ದಿನ ತನ್ನ ದನಗಳನ್ನು ದೊಡ್ಡಪ್ಪನ ತರಕಾರಿ ಹಿತ್ತಿಲಿಗೆ ಬಿಟ್ಟ. ಇವರು ಕೂಗಾಡುತ್ತ ಓಡಿದಾಗ ಅವನು ಬೇಲಿಯಾಚೆ ಕೈಮುಗಿದು ನಿಂತು, ಹುಲ್ಲು ಕದ್ದ ಪಾಪ ಹೇಗೂ ತಲೆಯ ಮೇಲಿದೆ, ಬಸಳೆಯದೂ ಅದರ ಜೊತೆಗೆ ಸೇರಲಿ ಎಂದನಂತೆ. ದೊಡ್ಡಪ್ಪನ ಜಗಲಿಗೆ ಕರ್ಮ ಕೇಳಲು ಬರುವವರು ಕಡಿಮೆಯಾದರು. ಬಂದವರು ನಗು ತಡೆದುಕೊಂಡು ಕೂರುತ್ತಿದ್ದರು. ಅವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

ದೀಪಾವಳಿ ಕಳೆದು ಮೈದುನ ಬಂದ. ಅತ್ತೆ ಅವನಿಗೆ ಉಪಚಾರ ಮಾಡಿ, ಇಲ್ಲಿ ಅಣ್ಣನ ಮನೆಯ ಋಣ ಇನ್ನೂ ತೀರಿಲ್ಲ, ಅರ್ಧಕ್ಕೆ ಬಿಟ್ಟು ಬಂದರೆ ಉಳಿದದ್ದು ನಿನ್ನ ಮನೆಗೆ ಅಂಟುತ್ತದೆ ಎಂದಳು. ಅವನು ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ಮಾಡಿನ ಹೆಂಚು ನೋಡಿದರು. ಮೈದುನ ಮಧ್ಯಾಹ್ನದ ಬಸ್ಸಿಗೇ ಹೋದ, ಆಮೇಲೆ ಹೇಳಿಕಳಿಸುವುದನ್ನೂ ನಿಲ್ಲಿಸಿದ.

ಬೇಸಿಗೆಯಲ್ಲಿ ದೊಡ್ಡಪ್ಪ ಸೊಂಟಕ್ಕೆ ಪಂಚೆ ಬಿಗಿದು, ನಮ್ಮಪ್ಪನನ್ನೂ ಎಳೆದುಕೊಂಡು, ಅತ್ತೆಯ ಗದ್ದೆಯ ಬದುವನ್ನು ಎತ್ತರಿಸಿದರು. ಬಾವಿಯ ನೀರೆಲ್ಲ ಎತ್ತಿ ಚೆಲ್ಲಿಸಿ, ಕೆಸರು ತೆಗೆಸಿ, ಕಟ್ಟೆ ಕಟ್ಟಿಸಿದರು. ಮಳೆ ಬಂದು ಉಪ್ಪು ತೊಳೆದುಹೋದ ಮೇಲೆ ಬೀಜದ ಭತ್ತವನ್ನೂ ಕೊಟ್ಟರು. ಕೇಳಿದವರಿಗೆಲ್ಲ, ತಂಗಿಯ ಕರ್ಮ ಪರಿಹಾರವಾಗಲಿ ಎಂದು ಇಷ್ಟು ಮಾಡುತ್ತಿದ್ದೇನೆ ಎಂದು ಹೇಳಿಕೊಂಡರು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ನಮಗೆಲ್ಲ ನಗು ಬಂತು, ಅತ್ತೆ ಮಾತ್ರ ನಗಲಿಲ್ಲ. ತನ್ನ ಮನೆಯ ಒಲೆಯನ್ನು ಮತ್ತೆ ಹಚ್ಚಿದ ದಿನ ದೊಡ್ಡಪ್ಪನಿಗೆ ಒಂದು ಮಾತು ಹೇಳಿದಳು, ಇನ್ನು ಮೇಲೆ ಅವರ ಪಾಳಿಯ ಹಲಗೆ ತಾನು ನೋಡುತ್ತೇನೆಂದು. ಹೆಂಗಸು ಮುಟ್ಟಿದರೆ ದೇವರು ಮುನಿಯುತ್ತದೆ ಎಂದು ಊರಿನವರು ಗೊಣಗಿದರು. ಮುನಿದರೆ ತನ್ನ ಮೇಲೇ ಮುನಿಯಲಿ, ತನಗೆ ಅಭ್ಯಾಸವಿದೆ ಎಂದಳು. ಆ ವರ್ಷ ಕಟ್ಟಿನ ದೇವರು ಮುನಿಯಲಿಲ್ಲ, ಮುಂದಿನ ವರ್ಷವೂ ಮುನಿಯಲಿಲ್ಲ.

ಒಮ್ಮೆ ಅವಳ ಜೊತೆ ಕಟ್ಟಿನ ಕಡೆ ಹೋದಾಗ, ದೊಡ್ಡಪ್ಪನನ್ನು ಊರೆದುರು ಯಾಕೆ ಹಿಡಿದು ಕೇಳಲಿಲ್ಲ ಎಂದು ನಾನು ಜಗಳ ತೆಗೆದೆ. ಹಲಗೆ ಎತ್ತಿದ್ದು ಅಣ್ಣ ಹೌದು, ಎತ್ತಿದ ಹಲಗೆಯ ಎದುರು ಕೈಕಟ್ಟಿ ಕೂತದ್ದು ತಾನಲ್ಲವೆ ಎಂದು ಅವಳು ಕೇಳಿದಳು. ತನ್ನ ಕರ್ಮವೆಂದು ಒಪ್ಪಿಕೊಂಡದ್ದು ಅಷ್ಟನ್ನು ಮಾತ್ರವಂತೆ. ನನಗೆ ಆಗ ಸಿಟ್ಟೇ ಬಂತು. ನನಗೆ ಅವಳಷ್ಟು ನ್ಯಾಯ ಬೇಕಿರಲಿಲ್ಲ, ದೊಡ್ಡಪ್ಪನ ಅವಮಾನ ಬೇಕಿತ್ತು.

ಅರವತ್ತರ ದಶಕ ಮುಗಿಯುತ್ತ ಬಂದಾಗ ನಾನು ಮದುವೆಯಾಗಿ ಹೊನ್ನಾವರದಲ್ಲಿದ್ದೆ. ದೊಡ್ಡಪ್ಪನಿಗೆ ವಾತ ಬಡಿದಿದೆ ಎಂದು ಸುದ್ದಿ ಬಂತು. ಹೋಗಿ ನೋಡಿದರೆ ಬಲಗೈ, ಬಲಗಾಲು ಬಿದ್ದುಹೋಗಿದ್ದವು, ದಿಂಬಿನ ಮೇಲೆ ಮುಖ ಎಡಕ್ಕೆ ವಾಲಿತ್ತು, ಮಾತು ನಿಂತುಹೋಗಿತ್ತು. ಜಗಲಿಯ ತುಂಬ ಜನ. ಇಷ್ಟು ವರ್ಷ ಅವರು ಹಂಚಿದ ಜ್ಞಾನವನ್ನೆಲ್ಲ ಬಡ್ಡಿ ಸಮೇತ ತಂದಿದ್ದರು. ಮಾತಿನಿಂದ ಮಾಡಿದ ಪಾಪ ಮಾತನ್ನೇ ಕಿತ್ತುಕೊಂಡಿತು ಎಂದ ನೆರೆಮನೆಯ ಹುಲ್ಲುಕಳ್ಳ. ಹಲಗೆಯ ಪಾಪ ಎಂದ ಇನ್ನೊಬ್ಬ, ಅವನು ಆವತ್ತು ಎರಡು ಬಟ್ಟಲು ಶೆಟ್ಲಿ ತಿಂದವನು. ದೊಡ್ಡಮ್ಮ ಬಾಗಿಲ ಸಂದಿಯಲ್ಲಿ ಕೂತು ಎಲ್ಲವನ್ನೂ ನಂಬಿ ಅಳುತ್ತಿದ್ದಳು. ದೊಡ್ಡಪ್ಪನಿಗೆ ಕಿವಿ ಕೇಳುತ್ತಿತ್ತು.

ಸತ್ಯ ಹೇಳುತ್ತೇನೆ, ಬಸ್ಸಿನಲ್ಲಿ ಬರುವಾಗ ನಾನೂ ಅಂಥದ್ದೇ ಒಂದು ಮಾತನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಬಂದಿದ್ದೆ. ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದಳು.

"ಡಾಕ್ಟ್ರು ರಕ್ತದ ಒತ್ತಡ ಅಂದ್ರು. ಕರ್ಮ ಅಂದವ್ರಿಗೆ ಇಲ್ಲಿ ಚಾ ಇಲ್ಲ."

ಚಹಾ ಬೇಕಾದವರು ಹವಾಮಾನದ ಮಾತಾಡಿದರು, ಉಳಿದವರು ಎದ್ದರು. ನಾನು ತಂದಿದ್ದ ಮಾತನ್ನು ನುಂಗಿಕೊಂಡು ಅತ್ತೆಯ ಹಿಂದೆ ಒಳಗೆ ಹೋದೆ. ಅವಳು ದಿನಾ ತನ್ನ ಬಾವಿಯ ನೀರನ್ನು ತಂಬಿಗೆಯಲ್ಲಿ ತಂದು ಅಣ್ಣನಿಗೆ ಚಮಚದಲ್ಲಿ ಕುಡಿಸುತ್ತಿದ್ದಳಂತೆ. ಆ ದಿನವೂ ಹಾಸಿಗೆಯ ಪಕ್ಕ ಕೂತು ನಾಲ್ಕು ಚಮಚ ಹಾಕಿದಳು. ಸೆರಗಿನಿಂದ ಬಾಯಿ ಒರೆಸಿದಳು. ಆಮೇಲೆ, ಚೌತಿಯ ಅಡಿಗೆಗೆ ಏನು ಮಾಡಲಿ ಎಂದು ಕೇಳುವಷ್ಟು ಸಹಜವಾಗಿ ಕೇಳಿದಳು.

"ಅಣ್ಣಾ, ಆ ಭರತಕ್ಕೆ ಹಲಗೆ ಎತ್ತಿದ್ದು ನೀನು ಹೌದಾದ್ರೆ ಬಲಕ್ಕೆ ಕೊಡು. ಅಲ್ಲ ಆದ್ರೆ ಎಡಕ್ಕೆ ಕೊಡು."

ದೊಡ್ಡಪ್ಪನ ಮುಖ ಹೇಗೂ ಎಡಕ್ಕೇ ವಾಲಿತ್ತು. ಸುಮ್ಮನಿದ್ದರೆ ಸಾಕಿತ್ತು, ಅದೇ ಉತ್ತರವಾಗುತ್ತಿತ್ತು. ಅವರು ಕಣ್ಣು ಮುಚ್ಚಿದರು. ಕುತ್ತಿಗೆಯ ನರ ಬಿಗಿಯಿತು. ತಲೆ ದಿಂಬಿನ ಮೇಲೆ ಚೂರು ಚೂರೇ ಜರುಗಿತು, ನಿಂತಿತು, ಮತ್ತೆ ಜರುಗಿತು. ದೊಡ್ಡಮ್ಮ ಹಿಡಿಯಲು ಬಂದಾಗ ಅತ್ತೆ ಅವಳ ಕೈಯನ್ನು ತಡೆದಳು. ಬಹಳ ಹೊತ್ತಿನ ಮೇಲೆ ಮುಖ ಬಲಕ್ಕೆ ಬಂದು, ಕೆನ್ನೆ ದಿಂಬಿಗೆ ತಾಗಿತು.

"ಆತು," ಎಂದಳು ಅತ್ತೆ.

ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಸರಿಯಾಗಿ ಇಟ್ಟಳು. ತಂಬಿಗೆಯಲ್ಲಿ ಉಳಿದ ನೀರನ್ನು ಕುಡಿಸಲು ನನ್ನ ಕೈಗೆ ಚಮಚ ಕೊಟ್ಟು, ಭರತದ ಹೊತ್ತಾಯಿತು ಎಂದು ಹಲಗೆ ಹಾಕಲು ಕಟ್ಟಿನ ಕಡೆ ಹೋದಳು.